ಅಬರ್ಡೀನ್‌ನ ಚಳಿಗಾಲವನ್ನು ದಾಟಿದ ಬಗೆ

ಚಳಿಗಾಲದೊಡನೆ ಬಂದು ವಸಂತದಲ್ಲಿ ತಾನಾಗಿಯೇ ಇಳಿದುಹೋಗುವ ಖಿನ್ನತೆಯ ಜೊತೆ ನಾನು ಕೆಲವು ವರ್ಷಗಳಿಂದ ಬಾಳುತ್ತಿದ್ದೇನೆ. ಈ ಸಲದ ಚಳಿಗಾಲವನ್ನು ಮೊಟ್ಟಮೊದಲ ಬಾರಿಗೆ ಚಿಕಿತ್ಸೆ ಮತ್ತು ಪೂರ್ವಸಿದ್ಧತೆಯ ಬಲದಿಂದ ದಾಟಿದ್ದೇನೆ. ಮಾರ್ಚ್ ಕೊನೆಯ ಭಾನುವಾರ ಇಲ್ಲಿನ ಪದ್ಧತಿಯಂತೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ ಮೇಲೆ, ನಡೆದದ್ದನ್ನೆಲ್ಲ ಕ್ರಮವಾಗಿ ಬರೆದಿಡಬೇಕೆನಿಸಿತು. ಉತ್ತರದ ದೇಶಗಳಿಗೆ ಹೊಸದಾಗಿ ಬರುವ ಕನ್ನಡಿಗರು ಬಾಡಿಗೆ ಮನೆ, ಶಾಲೆ, ತೆರಿಗೆಗಳ ವಿಷಯವನ್ನು ಒಬ್ಬರಿಗೊಬ್ಬರು ಧಾರಾಳವಾಗಿ ಹೇಳಿಕೊಳ್ಳುತ್ತಾರೆ; ಈ ಕಾಯಿಲೆಯ ವಿಷಯವನ್ನು ಮಾತ್ರ ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ನಾವು ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಬಂದದ್ದು ಪತಿಯ ಉದ್ಯೋಗದ ನಿಮಿತ್ತ. ಅವರು ಉತ್ತರ ಸಮುದ್ರದ ತೈಲ ವೇದಿಕೆಯೊಂದರಲ್ಲಿ ಎಂಜಿನಿಯರ್. ಮೂರು ವಾರ ಸಮುದ್ರದ ಮೇಲೆ, ಮೂರು ವಾರ ಮನೆಯಲ್ಲಿ. ನಾನು ಇಲ್ಲಿನ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ಮಗಳು ಪ್ರಾಥಮಿಕ ಶಾಲೆಯಲ್ಲಿದ್ದಾಳೆ. ಹುಟ್ಟಿ ಬೆಳೆದದ್ದು ತೀರ್ಥಹಳ್ಳಿಯ ಕಡೆಯಾದ್ದರಿಂದ ತಿಂಗಳುಗಟ್ಟಲೆ ಮೋಡ ಮುಸುಕಿದ ಆಕಾಶ ನನಗೆ ಹೊಸದಲ್ಲ, ಮಳೆಗಾಲವನ್ನು ಇಷ್ಟಪಟ್ಟೇ ಬೆಳೆದವಳು ನಾನು. ಆದರೆ ಮಲೆನಾಡಿನ ಮಳೆಗಾಲದಲ್ಲಿ ಹಗಲು ಗಿಡ್ಡವಾಗುವುದಿಲ್ಲ. ಬೆಂಗಳೂರಿನಲ್ಲಿ ಡಿಸೆಂಬರ್‌ನ ಅತಿ ಚಿಕ್ಕ ಹಗಲು ಕೂಡ ಹನ್ನೊಂದು ಗಂಟೆಗೂ ಮೀರಿ ಇರುತ್ತದೆ. 57 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಅಬರ್ಡೀನ್‌ನಲ್ಲಿ ಅದೇ ಹೊತ್ತಿಗೆ ಬೆಳಿಗ್ಗೆ ಎಂಟೂ ಮುಕ್ಕಾಲರ ಸುಮಾರಿಗೆ ಹುಟ್ಟುವ ಸೂರ್ಯ ಮಧ್ಯಾಹ್ನ ಮೂರೂವರೆಯೊಳಗೆ ಮುಳುಗುತ್ತಾನೆ. ನಡುಹಗಲಿನಲ್ಲೂ ದಿಗಂತದಿಂದ ಹತ್ತು ಡಿಗ್ರಿ ಏರುವುದಿಲ್ಲವಾದ್ದರಿಂದ, ಬೂದುಬಣ್ಣದ ಗ್ರಾನೈಟ್ ಕಟ್ಟಡಗಳ ಈ ಊರಿನ ಎಷ್ಟೋ ಬೀದಿಗಳಿಗೆ ಬಿಸಿಲು ನೇರವಾಗಿ ಇಳಿಯುವುದೇ ಇಲ್ಲ.

ಮೊದಲ ಚಳಿಗಾಲದ ಮಂಕನ್ನು ಹೊಸ ಊರಿನ ಒಂಟಿತನವೆಂದು ತಿಳಿದೆವು. ಎರಡನೆಯದನ್ನು ಕೆಲಸದ ಒತ್ತಡವೆಂದು. ಅಕ್ಟೋಬರ್ ಮುಗಿಯುವ ಹೊತ್ತಿಗೆ ನಿದ್ರೆ ಹೆಚ್ಚುತ್ತಿತ್ತು. ಎಷ್ಟು ಮಲಗಿದರೂ ಮೈಭಾರ ಇಳಿಯುತ್ತಿರಲಿಲ್ಲ. ಅನ್ನ, ಬ್ರೆಡ್ಡು, ಸಿಹಿ ತಿಂಡಿಗಳ ಹಂಬಲ ಹೆಚ್ಚಿ ತೂಕ ಏರುತ್ತಿತ್ತು. ದೀಪಾವಳಿಗೆ ಸ್ನೇಹಿತರು ಕರೆದರೆ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಒಂದು ಬೆಳಗಿನ ನೆನಪು ಸ್ಪಷ್ಟವಾಗಿದೆ. ಮಗಳ ಊಟದ ಡಬ್ಬಿಗೆ ಸೌತೆಕಾಯಿ ಹೆಚ್ಚುವುದೋ ಗಜ್ಜರಿಯೋ ಎಂದು ತೀರ್ಮಾನಿಸಲಾಗದೆ, ಎರಡನ್ನೂ ಮಣೆಯ ಮೇಲಿಟ್ಟುಕೊಂಡು, ಕೈಯಲ್ಲಿ ಚಾಕು ಹಿಡಿದು ಎಷ್ಟೋ ಹೊತ್ತು ನಿಂತುಬಿಟ್ಟಿದ್ದೆ. ಅವಳು ಬಂದು ಶಾಲೆಗೆ ಹೊತ್ತಾಯಿತೆಂದಾಗ ಡಬ್ಬಿ ಖಾಲಿಯೇ ಇತ್ತು. ಊರಿನಿಂದ ಅಮ್ಮ ಫೋನು ಮಾಡಿ, “ದನಿ ಯಾಕೆ ಹೀಗಿದೆ ಕಣೇ? ಸರಿಯಾಗಿ ಊಟ ಮಾಡ್ತಿದ್ದೀಯೋ ಇಲ್ಲವೋ?” ಎಂದು ಕೇಳಿದರೆ, “ಚಳಿ ಅಷ್ಟೇ ಅಮ್ಮ” ಎನ್ನುತ್ತಿದ್ದೆ. ಫೆಬ್ರವರಿ ಕೊನೆಗೆ ಈ ಭಾರ ಸಡಿಲವಾಗಿ, ಏಪ್ರಿಲ್ ಬರುವಷ್ಟರಲ್ಲಿ ನಾನು ಮೊದಲಿನವಳೇ ಆಗಿಬಿಡುತ್ತಿದ್ದೆನಾದ್ದರಿಂದ, ಬೇಸಿಗೆಯಲ್ಲಿ ವೈದ್ಯರ ಬಳಿ ಹೋಗುವ ಮಾತೇ ಏಳುತ್ತಿರಲಿಲ್ಲ.

ಹೋದ ವರ್ಷದ ಚಳಿಗಾಲದಲ್ಲಿ ಪತಿಯ ಒತ್ತಾಯಕ್ಕೆ ವೈದ್ಯರನ್ನು ಕಾಣಲು ಹೊರಟೆ. ಇಲ್ಲಿ ಮೊದಲು ಕಾಣಬೇಕಾದದ್ದು ನಾವಿರುವ ಬಡಾವಣೆಗೆ ಸೇರಿದ ಜಿ.ಪಿ. ಸರ್ಜರಿಯ, ಅಂದರೆ ಸ್ಥಳೀಯ ಚಿಕಿತ್ಸಾಲಯದ, ಕುಟುಂಬ ವೈದ್ಯರನ್ನು. ಬೆಳಿಗ್ಗೆ ಎಂಟಕ್ಕೆ ದೂರವಾಣಿ ತೆರೆಯುತ್ತದೆ, ಸರದಿಯಲ್ಲಿ ಕಾದು ಸ್ವಾಗತಕಾರರಿಗೆ ಕಾರಣ ಹೇಳಬೇಕು. ಹಿಂಜರಿಯದೆ “ಮನಸ್ಸಿನ ಆರೋಗ್ಯದ ವಿಷಯ” ಎಂದು ಹೇಳಿಬಿಡಿ. ವಿವರ ಕೇಳುವುದು ಯಾರ ಬಳಿ, ಎಷ್ಟು ಬೇಗ ಕಳಿಸಬೇಕೆಂದು ನಿರ್ಧರಿಸುವುದಕ್ಕೆ. ನಾನು ಹೇಳಿಕೊಂಡ ಮುಖ್ಯ ತೊಂದರೆ ಆಯಾಸವಾದ್ದರಿಂದ ಮೊದಲು ರಕ್ತಪರೀಕ್ಷೆಯಾಯಿತು. ಥೈರಾಯ್ಡ್, ಕಬ್ಬಿಣದ ಅಂಶ, ಬಿ12, ಡಿ ಜೀವಸತ್ವ ಇವೆಲ್ಲವನ್ನೂ ನೋಡಿದರು. ಥೈರಾಯ್ಡ್ ಕೊರತೆಯೂ ರಕ್ತಹೀನತೆಯೂ ಇದೇ ಬಗೆಯ ಬಳಲಿಕೆ ತರುವುದರಿಂದ ಈ ಹಂತವನ್ನು ಯಾರೂ ತಪ್ಪಿಸಬಾರದು. ಡಿ ಜೀವಸತ್ವ ಕಡಿಮೆಯಿತ್ತು, ಉಳಿದವು ಸರಿಯಿದ್ದವು. ಬ್ರಿಟನ್ನಿನಲ್ಲಿ ಎಲ್ಲರಿಗೂ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ದಿನಕ್ಕೆ 10 ಮೈಕ್ರೊಗ್ರಾಂ ಡಿ ಜೀವಸತ್ವ ತೆಗೆದುಕೊಳ್ಳುವ ಸಲಹೆಯಿದೆ; ನಮ್ಮಂತಹ ಕಪ್ಪು ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವುದನ್ನು ಯೋಚಿಸಬೇಕೆಂದೂ ಹೇಳುತ್ತಾರೆ. ಮಾತ್ರೆ ಯಾವ ಔಷಧದಂಗಡಿಯಲ್ಲಾದರೂ ಕೆಲವೇ ಪೌಂಡಿಗೆ ಸಿಗುತ್ತದೆ. ಆದರೆ ಖಿನ್ನತೆಗೆ ಅದೊಂದೇ ಮದ್ದೆಂದು ನಂಬಿ ಕೂರಬಾರದು.

ಎರಡನೆಯ ಭೇಟಿಯಲ್ಲಿ ವೈದ್ಯರು ಒಂಬತ್ತು ಪ್ರಶ್ನೆಗಳ ಪ್ರಶ್ನಾವಳಿಯೊಂದನ್ನು ತುಂಬಿಸಿದರು. ಹಿಂದಿನ ಎರಡು ವಾರಗಳಲ್ಲಿ ಆಸಕ್ತಿ, ನಿದ್ರೆ, ಹಸಿವು, ಏಕಾಗ್ರತೆ, ಬದುಕಿನ ಬಗೆಗಿನ ಯೋಚನೆ ಹೇಗಿತ್ತೆಂದು ಅದು ಕೇಳುತ್ತದೆ. ಆಮೇಲೆ, ಹಿಂದಿನ ವರ್ಷಗಳಲ್ಲಿ ಇದು ಯಾವಾಗ ಶುರುವಾಗಿ ಯಾವಾಗ ಮುಗಿಯಿತೆಂದು ವಿಚಾರಿಸಿದರು. ನನ್ನಲ್ಲಿ ದಿನಚರಿಯಿರಲಿಲ್ಲ. ಆದರೆ ಫೋನಿನಲ್ಲಿ ತೆಗೆದ ಚಿತ್ರಗಳು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಪ್ರತಿವರ್ಷವೂ ಹೆಚ್ಚುಕಡಿಮೆ ನಿಂತೇಹೋಗಿದ್ದವು, ಕಚೇರಿಯ ರಜೆಯ ದಾಖಲೆಯೂ ಅದನ್ನೇ ಹೇಳುತ್ತಿತ್ತು. ಕನಿಷ್ಠ ಎರಡು ವರ್ಷ ಸತತವಾಗಿ ಒಂದೇ ಋತುವಿನಲ್ಲಿ ಬಂದು ಹೋದರೆ ಅದನ್ನು ಋತುಮಾನದ ಮಾದರಿಯ ಖಿನ್ನತೆಯೆಂದು ಗುರುತಿಸುತ್ತಾರಾದ್ದರಿಂದ, ವೈದ್ಯರ ಬಳಿ ಹೋಗುವವರು ಇಂತಹ ಪುರಾವೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಹತ್ತು ನಿಮಿಷದ ಭೇಟಿ ವ್ಯರ್ಥವಾಗುವುದಿಲ್ಲ. ಯಾವತ್ತಾದರೂ ನಿದ್ರೆಯೇ ಬೇಡವೆನ್ನಿಸುವಷ್ಟು ಅತಿಯಾದ ಹುರುಪು ಬಂದದ್ದುಂಟೇ ಎಂದೂ ಕೇಳಿದರು. ಖಿನ್ನತೆಯೂ ಅತಿಯಾದ ಹುರುಪೂ ಬಂದುಹೋಗುವ ಬೈಪೋಲಾರ್ ಕಾಯಿಲೆಯಿದ್ದವರಿಗೆ ಬೆಳಕಿನ ಚಿಕಿತ್ಸೆ ಮತ್ತು ಖಿನ್ನತೆಯ ಮಾತ್ರೆಗಳು ತೊಂದರೆ ತರಬಹುದಾದ್ದರಿಂದ ಈ ಪ್ರಶ್ನೆಗೆ ಯೋಚಿಸಿ ನಿಜ ಹೇಳಬೇಕು.

ಈ ಕಾಯಿಲೆಯನ್ನು 1984ರಲ್ಲಿ ಮೊದಲು ವಿವರವಾಗಿ ವರ್ಣಿಸಿದವರು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ನಾರ್ಮನ್ ರೋಸೆಂತಾಲ್ ಮತ್ತು ಅವರ ಸಹೋದ್ಯೋಗಿಗಳು. ರೋಸೆಂತಾಲ್ ಬಿಸಿಲಿನ ಜೋಹಾನ್ಸ್‌ಬರ್ಗ್‌ನಿಂದ ನ್ಯೂಯಾರ್ಕ್‌ಗೆ ಬಂದವರು, ಅಲ್ಲಿನ ಚಳಿಗಾಲದಲ್ಲಿ ತಾವೇ ಕುಗ್ಗಿದ್ದನ್ನು ಗಮನಿಸಿದವರು. ಅದನ್ನು ಓದಿದಾಗ ನನಗೆ ಸಿಕ್ಕ ಸಮಾಧಾನ ಅಷ್ಟಿಷ್ಟಲ್ಲ. ಕಣ್ಣಿನ ಮೂಲಕ ಮಿದುಳಿಗೆ ತಲುಪುವ ಬೆಳಗಿನ ಬೆಳಕು ಕಡಿಮೆಯಾದಾಗ ದೇಹದ ಒಳಗಡಿಯಾರ ಹಿಂದೆ ಬೀಳುತ್ತದೆ, ನಿದ್ರೆ ಮತ್ತು ಮನಃಸ್ಥಿತಿಯನ್ನು ನಿಯಂತ್ರಿಸುವ ಮೆಲಟೋನಿನ್, ಸೆರೊಟೋನಿನ್‌ಗಳ ವ್ಯವಸ್ಥೆ ಏರುಪೇರಾಗುತ್ತದೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ನನ್ನ ಸೋಮಾರಿತನವೆಂದೋ ಕೃತಘ್ನತೆಯೆಂದೋ ನನ್ನನ್ನೇ ನಾನು ಬೈದುಕೊಳ್ಳುತ್ತಿದ್ದ ವಿಷಯಕ್ಕೆ ದೇಹದಲ್ಲೇ ಒಂದು ಕಾರಣವಿತ್ತು.

ಅಷ್ಟರಲ್ಲಿ ಜನವರಿ ಬಂದಿತ್ತು. ಊರಿನಲ್ಲಿ ಎಲ್ಲರೂ ಸಂಕ್ರಾಂತಿಯ ಎಳ್ಳುಬೆಲ್ಲದ ಚಿತ್ರಗಳನ್ನು ಕಳಿಸುತ್ತಿದ್ದ ದಿನಗಳಲ್ಲಿ ನನ್ನ ಸ್ಥಿತಿ ಅತ್ಯಂತ ಕೆಳಕ್ಕಿಳಿಯಿತು. ಪತಿ ಸಮುದ್ರದ ಮೇಲಿದ್ದರು. ಒಂದು ರಾತ್ರಿ ಮಗಳು ಮಲಗಿದ ಮೇಲೆ, ನಾನಿಲ್ಲದೆಹೋದರೆ ಇವರಿಬ್ಬರ ಬದುಕು ಹಗುರವಾಗುತ್ತದೆಂಬ ಯೋಚನೆ ಬಂದು, ಎಷ್ಟು ಬೇಡವೆಂದರೂ ಹೋಗದೆ ನಿಂತಿತು. ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಅದೂ ಅಪಾಯದ ಗುರುತಾಗಿರಬಹುದೆಂದು ಈಗ ತಿಳಿದಿದೆ. ಸಂಕಟದಲ್ಲಿರುವವರ ಮಾತನ್ನು ಫೋನಿನಲ್ಲಿ ಕೇಳಿಸಿಕೊಳ್ಳುವ ಸಮಾರಿಟನ್ಸ್ ಸಂಸ್ಥೆಯ 116 123 ಸಂಖ್ಯೆಯನ್ನು ಸರ್ಜರಿಯ ಗೋಡೆಯಲ್ಲಿ ಕಂಡು ಫೋನಿನಲ್ಲಿ ಉಳಿಸಿಕೊಂಡಿದ್ದೆ. ಕರೆ ಮಾಡಿದೆ. ಅತ್ತ ಕಡೆಯ ಹೆಂಗಸು ಬುದ್ಧಿ ಹೇಳಲಿಲ್ಲ, ಗಾಬರಿಯಾಗಲಿಲ್ಲ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರು, ನಾನು ಹೌದೆಂದೆ. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಉಸಿರಾಟ ಸಲೀಸಾಯಿತು. ಬೆಳಗಾಗುತ್ತಲೇ ಸರ್ಜರಿಗೆ ಫೋನು ಮಾಡಿ ಅದನ್ನೇ ಹೇಳಿದಾಗ ಅದೇ ದಿನದ ಭೇಟಿ ಸಿಕ್ಕಿತು.

ಇದನ್ನು ಓದುವ ಯಾರಾದರೂ ಇಂತಹ ರಾತ್ರಿಯಲ್ಲಿದ್ದರೆ ಇಲ್ಲಿಗೇ ನಿಲ್ಲಿಸಿ, ಈಗಲೇ ಯಾರಿಗಾದರೂ ಹೇಳಿ. ಬ್ರಿಟನ್ನಿನಲ್ಲಿ 116 123 ಹಗಲು ರಾತ್ರಿ ಉಚಿತ. ಸ್ಕಾಟ್ಲೆಂಡಿನಲ್ಲಿ 111ಕ್ಕೆ ಕರೆ ಮಾಡಿದರೆ ಮಾನಸಿಕ ಆರೋಗ್ಯದ ತಂಡಕ್ಕೆ ಜೋಡಿಸುತ್ತಾರೆ, ಜೀವಕ್ಕೆ ತಕ್ಷಣದ ಅಪಾಯವಿದ್ದರೆ 999. ಭಾರತದಲ್ಲಿರುವವರಿಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯಿದೆ, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಆ ದಿನ ವೈದ್ಯರೊಡನೆ ಕುಳಿತು ಒಂದು ಸುರಕ್ಷತಾ ಯೋಜನೆ ಬರೆದೆವು: ಕುಸಿಯುವ ಮೊದಲು ಕಾಣಿಸುವ ಗುರುತುಗಳು, ಒಬ್ಬಳೇ ಇದ್ದಾಗ ಮಾಡಬಹುದಾದದ್ದು, ಯಾವ ಹೊತ್ತಿನಲ್ಲೂ ಕರೆಯಬಹುದಾದ ಇಬ್ಬರ ಹೆಸರು, ಆಮೇಲೆ ಈ ಸಂಖ್ಯೆಗಳು. ಹಿಂದಿನ ವರ್ಷಗಳಲ್ಲೂ ಜನವರಿಯಲ್ಲಿ ಬದುಕು ಸಾಕೆನಿಸಿತ್ತೇ, ಏಪ್ರಿಲ್‌ನಲ್ಲಿ ಆ ಯೋಚನೆ ಏನಾಗಿತ್ತು ಎಂದು ಅವರು ಕೇಳಿದರು. ಸಾಕೆನಿಸಿತ್ತು, ಏಪ್ರಿಲ್‌ನಲ್ಲಿ ಅದರ ನೆನಪೂ ಉಳಿದಿರಲಿಲ್ಲ. ಹಾಗಾದರೆ ಏಪ್ರಿಲ್‌ವರೆಗೆ ಜೀವನದ ಯಾವ ದೊಡ್ಡ ತೀರ್ಮಾನವನ್ನೂ ಜನವರಿಯ ಮನಸ್ಸಿಗೆ ಬಿಡಬೇಡಿ ಎಂದರು. ಬದುಕಬೇಕೆಂಬ ಆಸೆ ಆ ದಿನ ನನ್ನಲ್ಲಿ ಇರಲಿಲ್ಲ, ಆದರೆ ಏಪ್ರಿಲ್‌ವರೆಗೆ ಕಾಯುತ್ತೇನೆಂದು ಒಪ್ಪಿಕೊಳ್ಳುವಷ್ಟು ಶಕ್ತಿಯಿತ್ತು. ನಾನು ಮುಂದುವರಿಯಲು ತೀರ್ಮಾನಿಸಿದ್ದು ಹೀಗೆ. ಆಸೆ ಮರಳುವವರೆಗೆ ಒಪ್ಪಂದದ ಮೇಲೆ ನಡೆಯಬಹುದೆಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಂದೇ ಸೆರ್ಟ್ರಲೀನ್ ಎಂಬ ಖಿನ್ನತೆಯ ಮಾತ್ರೆ ಆರಂಭವಾಯಿತು. ಮೊದಲ ವಾರ ಹೊಟ್ಟೆ ತೊಳಸುತ್ತಿತ್ತು, ಕೈ ಸ್ವಲ್ಪ ನಡುಗುತ್ತಿತ್ತು. ಆಮೇಲೆ ಎರಡೂ ಇಳಿದವು. ಇಂತಹ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ತಳಮಳ ಹೆಚ್ಚಬಹುದು. ಆ ಹೊತ್ತಿನಲ್ಲಿ ಒಬ್ಬರು ಜೊತೆಗಿರುವುದು ಒಳ್ಳೆಯದು. ಪತಿ ಮೇಲಧಿಕಾರಿಗೆ ತಿಳಿಸಿ ಬೇಗ ಮರಳಿದರು. ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ಎಂದೂ ಒಮ್ಮೆಲೇ ನಿಲ್ಲಿಸಬಾರದು ಎಂದು ವೈದ್ಯರು ಮತ್ತೆ ಮತ್ತೆ ಹೇಳಿದರು. ಸ್ಕಾಟ್ಲೆಂಡಿನಲ್ಲಿ 2011ರಿಂದ ವೈದ್ಯರು ಬರೆದುಕೊಟ್ಟ ಔಷಧಿಗೆ ಹಣವಿಲ್ಲ.

ಹಣ ಬೇಕಾದದ್ದು ಬೆಳಕಿನ ಪೆಟ್ಟಿಗೆಗೆ, ಅಂದರೆ ಬೆಳಕಿನ ಚಿಕಿತ್ಸೆಗೆ ಬಳಸುವ ಪ್ರಖರ ದೀಪಕ್ಕೆ. ಸರ್ಕಾರಿ ಆರೋಗ್ಯ ಸೇವೆಯಿಂದ ಅದು ಸಾಮಾನ್ಯವಾಗಿ ಸಿಗುವುದಿಲ್ಲ, ನಾವೇ ಕೊಳ್ಳಬೇಕು. ನನ್ನದಕ್ಕೆ ನೂರು ಪೌಂಡಿನ ಸುಮಾರು ಹಿಡಿಯಿತು. ಕೊಳ್ಳುವಾಗ ನೋಡಬೇಕಾದದ್ದು 10,000 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಬೆಳಕು ಎಷ್ಟು ದೂರದಲ್ಲಿ ಸಿಗುತ್ತದೆಂಬುದನ್ನು. ಕೆಲವು ಚಿಕ್ಕ ದೀಪಗಳಲ್ಲಿ ಮುಖವನ್ನು ತೀರಾ ಹತ್ತಿರ ಹಿಡಿದರೆ ಮಾತ್ರ ಅಷ್ಟು ಬೆಳಕು ಬೀಳುತ್ತದೆ. ಅತಿನೇರಳೆ ಕಿರಣಗಳನ್ನು ಸೋಸುವ ವ್ಯವಸ್ಥೆ ಇರಲೇಬೇಕು. ಕಣ್ಣಿನ ಕಾಯಿಲೆಯಿದ್ದವರೂ ಬೆಳಕಿಗೆ ಚರ್ಮವನ್ನು ಸೂಕ್ಷ್ಮವಾಗಿಸುವ ಔಷಧಿ ತೆಗೆದುಕೊಳ್ಳುವವರೂ ಮೊದಲು ವೈದ್ಯರನ್ನು ಕೇಳಬೇಕು. ಎದ್ದ ಕೂಡಲೇ ಸುಮಾರು ಅರ್ಧ ಗಂಟೆ, ದೀಪವನ್ನೇ ದಿಟ್ಟಿಸದೆ, ಅದರ ಪಕ್ಕದಲ್ಲಿ ಕುಳಿತು ಕಾಫಿ ಕುಡಿಯುತ್ತ ಓದುತ್ತೇನೆ. ಸಂಜೆ ಬಳಸಿದರೆ ನಿದ್ರೆ ಕೆಡುತ್ತದೆ. ಕಚೇರಿಯ ಒಳಗಿನ ಬೆಳಕು ಸಾಮಾನ್ಯವಾಗಿ 500 ಲಕ್ಸ್‌ನ ಆಸುಪಾಸು. ಮೋಡ ಕವಿದ ದಿನವೂ ಹೊರಗಿನ ಬೆಳಕು ಅದಕ್ಕಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ಮಧ್ಯಾಹ್ನದ ಬಿಡುವಿನಲ್ಲಿ ಹೊರಗೆ ನಡೆಯುವುದನ್ನೂ ಬಿಡಬಾರದು.

ಮನೋಚಿಕಿತ್ಸೆಯ ಸರದಿಯ ವಿಷಯವನ್ನು ಮುಂದೆ ಬರುವವರು ಮುಖ್ಯವಾಗಿ ಗಮನಿಸಬೇಕು. ಶಿಫಾರಸಾದವರಲ್ಲಿ ಶೇಕಡಾ 90 ಮಂದಿಗೆ 18 ವಾರಗಳೊಳಗೆ ಚಿಕಿತ್ಸೆ ಆರಂಭವಾಗಬೇಕೆಂಬುದು ಸ್ಕಾಟ್ಲೆಂಡಿನ ಮಾನದಂಡ. ಜನವರಿ ಕೊನೆಯಲ್ಲಿ ಹೆಸರು ಬರೆಸಿದರೆ 18 ವಾರ ಮುಗಿಯುವ ಹೊತ್ತಿಗೆ ಜೂನ್. ಅಷ್ಟರಲ್ಲಿ ಕಾಯಿಲೆ ಇಳಿದಿರುತ್ತದೆ, ಈಗ ಚೆನ್ನಾಗಿದ್ದೇನಲ್ಲ ಎಂದು ಬಿಟ್ಟುಬಿಡುವ ಮನಸ್ಸಾಗುತ್ತದೆ. ನನಗೂ ಕರೆ ಬಂದದ್ದು ಹಗಲು ಹದಿನೇಳು ಗಂಟೆ ಮೀರಿದ್ದ ದಿನಗಳಲ್ಲಿ. ಬಿಡದೆ ಹೋದೆ. ಅಮೆರಿಕದ ವರ್ಮಾಂಟ್‌ನಲ್ಲಿ ಮನೋವಿಜ್ಞಾನಿ ಕೆಲ್ಲಿ ರೋಹನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಬೆಳಕಿನ ಚಿಕಿತ್ಸೆ ಪಡೆದವರಿಗೂ ಅರಿವಿನ ವರ್ತನಾ ಚಿಕಿತ್ಸೆ (ಯೋಚನೆ ಮತ್ತು ನಡವಳಿಕೆಯ ಅಭ್ಯಾಸಗಳನ್ನು ಮಾತುಕತೆಯ ಮೂಲಕ ಬದಲಿಸುವ ಮನೋಚಿಕಿತ್ಸೆ) ಪಡೆದವರಿಗೂ ಆ ಚಳಿಗಾಲದಲ್ಲಿ ಸಮನಾದ ಗುಣ ಕಂಡಿದ್ದರೂ, ಎರಡು ಚಳಿಗಾಲಗಳ ನಂತರ ಎರಡನೆಯ ಗುಂಪಿನವರಲ್ಲಿ ಕಾಯಿಲೆ ಮರುಕಳಿಸಿದ್ದು ಕಡಿಮೆ. ಚಳಿಗಾಲವನ್ನು ಎದುರಿಸುವ ಅಭ್ಯಾಸವನ್ನು ಬೇಸಿಗೆಯಲ್ಲಿ ಕಲಿಯುವುದು ಹೆಚ್ಚು ಸುಲಭವೆಂದು ನನಗೂ ಅನಿಸಿತು. ಚಿಕಿತ್ಸಕಿಯ ಸಲಹೆಯಂತೆ ಜೂನ್‌ನಲ್ಲಿ ನನಗೆ ನಾನೇ ಒಂದು ಪತ್ರ ಬರೆದು ಅಡುಗೆಮನೆಯ ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ: “ಇದು ಹೋದ ವರ್ಷವೂ ಬಂದಿತ್ತು. ಫೆಬ್ರವರಿ ಕೊನೆಗೆ ಸಡಿಲವಾಯಿತು. ಡಬ್ಬಿಗೆ ಸೌತೆಕಾಯಿ ಹಾಕು, ಯೋಚಿಸಬೇಡ. ಇವತ್ತು ಯಾರಿಗೂ ನೀನು ಭಾರವಲ್ಲ.”

ಉದ್ಯೋಗದ ವಿಷಯ ನನ್ನನ್ನು ಬಹಳ ಕಾಡಿತ್ತು. ಮೊದಲ ಏಳು ದಿನಗಳ ರಜೆಗೆ ನಮ್ಮದೇ ಹೇಳಿಕೆ ಸಾಕು, ಆಮೇಲೆ ವೈದ್ಯರ ಪ್ರಮಾಣಪತ್ರ ಬೇಕು. 2010ರ ಸಮಾನತಾ ಕಾಯ್ದೆಯ ಪ್ರಕಾರ, ದಿನನಿತ್ಯದ ಬದುಕನ್ನು ಗಣನೀಯವಾಗಿ ಬಾಧಿಸುವ, ಹನ್ನೆರಡು ತಿಂಗಳು ಉಳಿಯುವ ಅಥವಾ ಮತ್ತೆ ಮರುಕಳಿಸುವ ಸಂಭವವಿರುವ ಮಾನಸಿಕ ಕಾಯಿಲೆಯೂ ಅಂಗವೈಕಲ್ಯದ ವ್ಯಾಖ್ಯೆಯೊಳಗೆ ಬರಬಹುದು. ಹಾಗೆ ಬಂದರೆ ಉದ್ಯೋಗದಾತರು ನ್ಯಾಯವಾದ ಹೊಂದಾಣಿಕೆ ಮಾಡಿಕೊಡಬೇಕು. ನಾನು ಕೇಳಿದ್ದು ಕಿಟಕಿಯ ಬಳಿಯ ಮೇಜು, ಚಳಿಗಾಲದಲ್ಲಿ ಅರ್ಧ ಗಂಟೆ ತಡವಾಗಿ ಬರುವ ಅವಕಾಶ, ಮಧ್ಯಾಹ್ನದ ಉದ್ದ ಬಿಡುವು. ಬಾಯಿಮಾತಿಗೆ ಮೊದಲು ತಿಂಗಳುಗಟ್ಟಲೆ ಉತ್ತರ ಬರಲಿಲ್ಲ. ವೈದ್ಯರ ಪತ್ರ ಲಗತ್ತಿಸಿ ಬರವಣಿಗೆಯಲ್ಲಿ ಕೇಳಿದಾಗ ಬಂದಿತು. ಏನೇ ಕೇಳುವುದಿದ್ದರೂ ಇಮೇಲಿನಲ್ಲಿ ಕೇಳಿ, ಪ್ರತಿ ಇಟ್ಟುಕೊಳ್ಳಿ. ವೀಸಾಕ್ಕೆ ತೊಂದರೆಯಾದೀತೆಂಬ ಭಯ ನಮ್ಮವರಲ್ಲಿ ಬಹಳ. ನಮ್ಮ ಉದ್ಯೋಗ ವೀಸಾದ ಅರ್ಜಿಯಲ್ಲಿ ಖಿನ್ನತೆಯ ಕುರಿತು ಯಾವ ಪ್ರಶ್ನೆಯೂ ಇರಲಿಲ್ಲ. ವೀಸಾದೊಡನೆ ಕಟ್ಟುವ ಆರೋಗ್ಯ ಶುಲ್ಕದಲ್ಲೇ ವೈದ್ಯರ ಭೇಟಿ, ಪರೀಕ್ಷೆಗಳೆಲ್ಲ ಸೇರಿವೆ. ಕಾರು ಓಡಿಸುವವರಿಗೆ ಒಂದು ಮಾತು: ಖಿನ್ನತೆಯಿಂದ ಸುರಕ್ಷಿತವಾಗಿ ಓಡಿಸುವ ಸಾಮರ್ಥ್ಯಕ್ಕೆ ಧಕ್ಕೆಯಾದರೆ ಪರವಾನಗಿ ಇಲಾಖೆಗೆ ತಿಳಿಸುವುದು ಕಡ್ಡಾಯ.

ಈ ಸಲ ಗೌರಿ ಹಬ್ಬದ ಹೊತ್ತಿಗೇ ಸಿದ್ಧತೆ ಶುರುಮಾಡಿದೆ. ವೈದ್ಯರನ್ನು ಕಂಡು ಮಾತ್ರೆ ಮುಂದುವರಿಸುವುದೆಂದು ನಿಶ್ಚಯಿಸಿದೆವು, ಸೆಪ್ಟೆಂಬರ್ ಕೊನೆಯಿಂದ ದೀಪದ ಮುಂದೆ ಕುಳಿತೆ, ಮಗಳನ್ನು ಶಾಲೆಗೆ ಕಾರಿನ ಬದಲು ನಡೆಸಿಕೊಂಡೇ ಹೋದೆ. ಅಮ್ಮನಿಗೂ ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಷ್ಟು ದಿನ ಒಬ್ಬಳೇ ಹೊತ್ತುಕೊಂಡಿದ್ದೆಯಲ್ಲೇ” ಎಂದಳು. ಅಂದಿನಿಂದ ಪ್ರತಿ ಬೆಳಿಗ್ಗೆ ನಾನು ದೀಪದ ಮುಂದೆ ಕೂರುವ ಹೊತ್ತಿಗೆ ಫೋನು ಮಾಡಿ ತೋಟದ ಸುದ್ದಿ ಹೇಳುತ್ತಾಳೆ. ಶನಿವಾರಗಳಲ್ಲಿ ಡ್ಯೂಥಿ ಪಾರ್ಕಿನ ಗಾಜಿನ ಮನೆಗಳೊಳಗಿನ ಚಳಿಗಾಲದ ತೋಟಕ್ಕೆ ಹೋಗುತ್ತೇವೆ. ಪ್ರವೇಶಕ್ಕೆ ಹಣವಿಲ್ಲ, ಒಳಗೆ ಕಾಲಿಟ್ಟೊಡನೆ ಕನ್ನಡಕ ಮಂಜಾಗುತ್ತದೆ, ಒದ್ದೆ ಮಣ್ಣಿನ ವಾಸನೆ ಬರುತ್ತದೆ. ಮಗಳಿಗೆ ಅಲ್ಲಿನ ಪಾಪಾಸುಕಳ್ಳಿಗಳೆಂದರೆ ಇಷ್ಟ, ಒಂದೊಂದಕ್ಕೂ ಹೆಸರಿಟ್ಟಿದ್ದಾಳೆ.

ಖಿನ್ನತೆ ಈ ಸಲವೂ ಬಂದಿತು. ಜನವರಿಯ ಎರಡು ಮೂರು ವಾರ ಬಹಳ ಕಷ್ಟದವು, ಕೆಲವು ದಿನ ಕಚೇರಿಗೆ ಹೋಗಲಾಗಲಿಲ್ಲ. ಆದರೆ ಸಾಯುವ ಯೋಚನೆ ಒಮ್ಮೆ ಸುಳಿದಾಗ ಅದನ್ನು ಅಂದೇ ಪತಿಗೆ ಹೇಳಿದೆ, ಅದು ನಿಲ್ಲಲಿಲ್ಲ. ಊರಿಗೆ ಡಿಸೆಂಬರ್‌ನಲ್ಲಿ ಹೋಗಿಬನ್ನಿ ಎಂದು ಅನೇಕರು ಹೇಳುತ್ತಾರೆ. ಹಿಂದೊಮ್ಮೆ ಹಾಗೆ ಹೋಗಿ ಜನವರಿಯ ಕತ್ತಲೆಗೆ ಮರಳಿದ್ದು ಹೋಗದಿದ್ದುದಕ್ಕಿಂತ ಕಷ್ಟವಾಗಿತ್ತಾದ್ದರಿಂದ, ಈ ಸಲ ಫೆಬ್ರವರಿಯಲ್ಲಿ ಹೋದೆವು. ಮರಳಿದಾಗ ಇಲ್ಲಿ ಸಂಜೆ ಐದೂವರೆಗೂ ಬೆಳಕಿತ್ತು.

ಮಾತ್ರೆಯ ಪ್ರಮಾಣ ಇಳಿಸುವ ಮಾತನ್ನು ವೈದ್ಯರು ಮೇ ತಿಂಗಳ ಭೇಟಿಗೆ ಇಟ್ಟಿದ್ದಾರೆ. ಈ ಊರಿನಲ್ಲೇ ಉಳಿಯಬೇಕೋ, ದಕ್ಷಿಣಕ್ಕೆಲ್ಲಾದರೂ ಹೋಗಬೇಕೋ, ಇಲ್ಲವೇ ಶಿವಮೊಗ್ಗಕ್ಕೆ ಮರಳಿಬಿಡಬೇಕೋ ಎಂಬ ಪ್ರಶ್ನೆ ನಮ್ಮ ಮುಂದೆ ಇದ್ದೇ ಇದೆ. ಪತಿಯ ಕೆಲಸ, ಮಗಳ ಶಾಲೆ, ನನ್ನ ಆರೋಗ್ಯ ಮೂರನ್ನೂ ತೂಗಿ ನೋಡಬೇಕು. ಚಳಿಗಾಲದಲ್ಲಿ ಆ ಮಾತನ್ನು ಎತ್ತುವುದಿಲ್ಲವೆಂದು ಒಪ್ಪಿಕೊಂಡಿದ್ದೆವು. ಜೂನ್‌ನಲ್ಲಿ ಅವರ ಮೂರು ವಾರದ ರಜೆ ಬರುತ್ತದೆ, ಆಗ ಮೂವರೂ ಕುಳಿತು ಮಾತನಾಡುತ್ತೇವೆ.